ಕಾಡಿನಲ್ಲಿ ಕಸದಬುಟ್ಟಿ ಇಲ್ಲ

ಸೋಮವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ, ಗೊಬ್ಬರದ ಡ್ರಮ್ಮಿನಿಂದ ಎರೆಹುಳುಗಳು ಓಡಿಹೋಗುತ್ತಿದ್ದವು. ಸುಳ್ಳಲ್ಲ! ಡ್ರಮ್ಮಿನ ಅಂಚು ದಾಟಿ, ಸಿಮೆಂಟಿನ ಮೇಲೆ ಬಿದ್ದು, ಅಲ್ಲೇ ಒದ್ದಾಡಿ ಸಾಯುತ್ತಿದ್ದವು. ಮಣ್ಣು ತಿಂದು ಬದುಕುವ ಜೀವ ಮಣ್ಣಿಗೇ ಹೆದರಿ ಓಡುತ್ತದೆಯೇ?

ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಅದೇ ಟೆರೇಸಿನ ಕುಂಡದ ಪುಂಡಿಪಲ್ಯವನ್ನು ಬಸುರಿ ಮಗಳಿಗೆ ಉಣ್ಣಿಸುತ್ತಿದ್ದೆ.

ಇದಕ್ಕೆಲ್ಲ ಮೂಲ ನಮ್ಮನೆಯವರು. ಕಲಬುರಗಿಯಿಂದ ನಾಸಿಕ್‌ಗೆ ವರ್ಗವಾಗಿ ಬಂದ ಬ್ಯಾಂಕಿನವರು. ಯಾವುದೋ ಸೆಮಿನಾರಿನಲ್ಲಿ 'ಸರ್ಕ್ಯುಲರ್ ಎಕಾನಮಿ' ಎಂಬ ಮಾತು ಕೇಳಿ ಬಂದಾಗಿನಿಂದ ಮನೆಯಲ್ಲಿ ಒಂದೇ ಪ್ರವಚನ. "ಕಾಡಿನ್ಯಾಗ ಕಸದಬುಟ್ಟಿ ಅದ ಏನು? ಒಂದರ ಕಸ ಇನ್ನೊಂದರ ಊಟ. ನಾವೂ ಹಂಗ ಬದುಕಬೇಕು ನೋಡು." (ಇವರ ಸಾಕ್ಸ್ ಮಾತ್ರ ಸೋಫಾದ ಕೆಳಗೆ. ಅದು ಯಾರ ಊಟವೋ!)

ಮಾತೇನೋ ಚೆಂದವಿತ್ತು. ಉಳ್ಳಾಗಡ್ಡಿ, ದಾಳಿಂಬೆ ಸಿಪ್ಪೆ ಡ್ರಮ್ಮಿಗೆ. ಡ್ರಮ್ಮಿನ ಗೊಬ್ಬರ ಕುಂಡಕ್ಕೆ. ಕುಂಡದ ಸೊಪ್ಪು ತಟ್ಟೆಗೆ. ಹಸಿ ಕಸ ನಾರಬಾರದೆಂದರೆ ಮರದ ಹೊಟ್ಟು ಬೇಕಂತೆ. ಸಾತಪುರದ ಕಾರ್ಖಾನೆಯೊಂದರ ಗೇಟಿನ ಹೊರಗೆ ಹೊಟ್ಟಿನ ರಾಶಿ ಕಂಡದ್ದೇ ತಡ, ಸ್ಕೂಟರಿನಲ್ಲಿ ಒಂದು ಚೀಲ ತಂದರು. ಪುಂಡಿ ಬಿತ್ತುವಾಗ ಕುಂಡಗಳಿಗೆ ಬೆರೆಸಿದರು. ಉಳಿದದ್ದನ್ನು ಹಿಂದಿನ ದಿನ, ಭಾನುವಾರ, ಡ್ರಮ್ಮಿಗೆ ಸುರಿದಿದ್ದರು.

ಮಗಳು ಶ್ವೇತಾ ಹೆರಿಗೆಗೆಂದು ಗಂಡನ ಊರು ಛತ್ರಪತಿ ಸಂಭಾಜಿನಗರದಿಂದ ಬಂದಿದ್ದಾಳೆ. ಇಲ್ಲೇ ಬೆಳೆದವಳು, ಅರ್ಧ ಕನ್ನಡ, ಅರ್ಧ ಮರಾಠಿ. "ಮಮ್ಮಿ, ಅಜೂನ್ ಥೋಡಾ ಹಾಕ. ಮಸ್ತ್ ಆಗ್ಯದ" ಎಂದು ರೊಟ್ಟಿಗೆ ಮತ್ತೆ ಮತ್ತೆ ಪಲ್ಯ ಹಾಕಿಸಿಕೊಂಡಳು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಸೋಮವಾರ ಆ ಹೊಟ್ಟಿನ ಖಾಲಿ ಚೀಲ ಕೊಡವಿದೆ. ಬೆರಳಿಗೆ ಏನೋ ಚುಚ್ಚಿತು. ಕೂದಲಿನಷ್ಟು ಸಣ್ಣ ಉಕ್ಕಿನ ಸುರುಳಿ! ಮೂಗಿಗೆ ಹಿಡಿದರೆ ಗ್ಯಾರೇಜಿನ ವಾಸನೆ. ನಮ್ಮನೆಯವರು ಕಾರ್ಖಾನೆಗೆ ಓಡಿದರು. ಗೇಟಿನವನು ನಕ್ಕುಬಿಟ್ಟನಂತೆ. ಮಷೀನಿನಿಂದ ನೆಲಕ್ಕೆ ಸೋರಿದ ಎಣ್ಣೆ ಹೀರಲು ಹರಡುವ ಹೊಟ್ಟು ಅದು.

ಶ್ವೇತಾಳನ್ನು ನೋಡುವ ಡಾಕ್ಟರ್ ಸಮಾಧಾನದಿಂದಲೇ ಹೇಳಿದರು, ಸೊಪ್ಪು ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸೋಣ, ಬಹುಶಃ ಏನೂ ಆಗಿರಲಿಕ್ಕಿಲ್ಲ. ಬಹುಶಃ! ಈ ಒಂದು ಪದ ಹಿಡಿದುಕೊಂಡು ಹೇಗೆ ನಿದ್ದೆ ಮಾಡಲಿ?

ರಿಪೋರ್ಟ್ ಇನ್ನೂ ಬಂದಿಲ್ಲ. ಫೋನ್ ರಿಂಗಾದರೆ ಒಲೆಯನ್ನೂ ಆರಿಸದೆ ಓಡುತ್ತೇನೆ. "ಮಮ್ಮಿ, ಒದೀಲಿಕತ್ತದ ನೋಡು" ಎಂದು ಶ್ವೇತಾ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡರೆ, ನಾನು ಒದೆತ ಎಣಿಸತೊಡಗುತ್ತೇನೆ.

ಕಾಡಿನಲ್ಲಿ ಕಸದಬುಟ್ಟಿ ಇಲ್ಲ, ನಿಜ. ಏಕೆಂದರೆ ಅಲ್ಲಿ ಉದುರುವುದನ್ನೆಲ್ಲ ತಿಂದು ಅರಗಿಸಿಕೊಳ್ಳುವ ಜೀವ ಅಲ್ಲೇ ಇರುತ್ತದೆ. ಮಷೀನಿನ ಎಣ್ಣೆಯನ್ನು ಯಾವ ಹುಳ ಅರಗಿಸಿಕೊಳ್ಳಬೇಕು? ನಾವು ಕಾಡಿನ ಚಕ್ರವನ್ನಷ್ಟೇ ಕಾಪಿ ಹೊಡೆದೆವು. ಚಕ್ರ ಒಳ್ಳೆಯದನ್ನು ಮಾತ್ರ ಆರಿಸಿ ತಿರುಗಿಸುತ್ತದೆಯೇ? ವಿಷವನ್ನೂ ಅಷ್ಟೇ ಚೊಕ್ಕವಾಗಿ ಮನೆಗೆ ತಂದು ಮುಟ್ಟಿಸುತ್ತದೆ.

ಪುಂಡಿ ಕಿತ್ತು, ಡ್ರಮ್ಮು, ಕುಂಡ ಬರಿದು ಮಾಡಿ ಎಲ್ಲವನ್ನೂ ಚೀಲಕ್ಕೆ ತುಂಬಿ ಕಟ್ಟಿದ್ದಾಯಿತು. "ಘಂಟಾಗಾಡಿಗೆ ಹಾಕಿಬಿಡ್ರಿ" ಅಂದೆ. (ಇಲ್ಲಿ ಕಸದ ಗಾಡಿಗೆ ಹಾಗೆನ್ನುತ್ತಾರೆ.) ಪ್ರವಚನದ ಮನುಷ್ಯ ತಲೆಯೆತ್ತಲಿಲ್ಲ. "ಆ ಕಸಾನೂ ಗೊಬ್ಬರ ಆಗ್ತದ. ಸಟಾಣಾದ ಕಡೆ ಯಾವುದೋ ಉಳ್ಳಾಗಡ್ಡಿ ಹೊಲಕ್ಕ ಹೋಗ್ತದ. ಅಲ್ಲಿಂದ ಉಳ್ಳಾಗಡ್ಡಿ ಆಗಿ ಬರ್ತದ" ಎಂದರು.

ಚೀಲಗಳು ಇನ್ನೂ ಟೆರೇಸಿನಲ್ಲೇ ಇವೆ. ಗಾಡಿ ಬೆಳಿಗ್ಗೆ ಬರುತ್ತದೆ, ಕೆಳಗೆ ನಿಂತು ಕರೆಯುತ್ತದೆ, ಹೋಗುತ್ತದೆ.

ನೀವೇ ಹೇಳಿ, ಇದನ್ನು ಇನ್ಯಾರ ಬಸುರಿ ಮಗಳ ತಟ್ಟೆಗೆ ಕಳಿಸಲಿ?