ಜಗಲಿಯ ಇಡ್ಲಿ, ಕನ್ನಡಿ ಹೋಟೆಲಿನ ಇಡ್ಲಿ

ಆಗೆಲ್ಲ ಕೊಳ್ಳೇಗಾಲದಲ್ಲಿ ನಾಲ್ಕಾಣೆಗೆ ಮರ್ಯಾದೆ ಇತ್ತು. ನಾಲ್ಕಾಣೆ ಕೈಯಲ್ಲಿದ್ದ ಮನುಷ್ಯ ಬೆಳಿಗ್ಗೆ ಹಸಿದುಕೊಂಡು ಬೀದಿ ಸುತ್ತುವ ಪ್ರಮೇಯವೇ ಇರಲಿಲ್ಲ. ಇದನ್ನು ಓದುತ್ತಿರುವವರಲ್ಲಿ ನನ್ನ ವಯಸ್ಸಿನವರು ‘ಹೌದು ಹೌದು, ಎಂಥಾ ಕಾಲ’ ಎಂದು ತಲೆಯಾಡಿಸುತ್ತೀರಿ, ಗೊತ್ತು. ಆಡಿಸಿ. ಆದರೆ ಆ ನಾಲ್ಕಾಣೆಯ ನೆಪದಲ್ಲಿ ಯಾರು ಯಾರ ಹೊಟ್ಟೆಯ ಮೇಲೆ ಹೊಡೆದರು ಅನ್ನುವುದನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಿ. ನಾನಂತೂ ಮರೆತಿಲ್ಲ.

ನಮ್ಮದು ನೇಯುವವರ ಬೀದಿ. ಅಪ್ಪ ಒಳಕೋಣೆಯಲ್ಲಿ ರೇಷ್ಮೆ ನೇಯುತ್ತಿದ್ದ, ಅವ್ವ ಹೊರಗೆ ಜಗಲಿಯಲ್ಲಿ ಇಡ್ಲಿ ಮಾರುತ್ತಿದ್ದಳು. ನೂಲು ಸಿಕ್ಕಿದಾಗ ಮಗ್ಗ ಆಡುತ್ತಿತ್ತು, ಸಿಗದಿದ್ದಾಗ ಅಪ್ಪ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. ಇಡ್ಲಿಗೆ ಮಾತ್ರ ರಜೆ ಇರಲಿಲ್ಲ. ಉಪ್ಪು, ಸೀಮೆಎಣ್ಣೆ, ನನ್ನ ಸ್ಕೂಲಿನ ಸ್ಲೇಟು, ತಮ್ಮನ ಚಡ್ಡಿ, ಎಲ್ಲವೂ ಅವ್ವನ ಆ ಹಬೆಯ ಪಾತ್ರೆಯೊಳಗಿಂದಲೇ ಬರಬೇಕಾಗಿತ್ತು.

ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ವಾಸನೆಯಿಂದ. ಮೊದಲು ಸೌದೆ ಹೊಗೆ, ಆಮೇಲೆ ಹುಳಿ ಬಂದ ಹಿಟ್ಟಿನ ವಾಸನೆ, ಅದರ ಹಿಂದೆಯೇ ಒಗ್ಗರಣೆಯ ಘಮ. ಗಾಳಿ ತಿರುಗಿದರೆ ಪಕ್ಕದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ನಾತವೂ ಸೇರಿಕೊಳ್ಳುತ್ತಿತ್ತು. ಅವ್ವ ಗುಳಿಗಳಿದ್ದ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಒಂದೊಂದು ಗುಳಿಗೂ ಒಂದೊಂದು ಸೌಟು ಹಿಟ್ಟು ಹುಯ್ಯುತ್ತಿದ್ದಳು. ಸೌಟು ಅಂದರೆ ತುಂಬಿದ ಸೌಟು. ಅಂಚಿನಿಂದ ಒಂದು ತೊಟ್ಟು ಚೆಲ್ಲಿದರೂ ಸರಿಯೇ, ಕಡಿಮೆ ಆಗಬಾರದು. ಬೆಂದ ಇಡ್ಲಿಗಳನ್ನು ಬಟ್ಟೆಯಿಂದ ಬಿಡಿಸಿ ಮೊರಕ್ಕೆ ಹಾಕುವಾಗ ನನಗೂ ತಮ್ಮನಿಗೂ ಜಗಳ: ಬಟ್ಟೆಗೆ ಮೆತ್ತಿದ ಚೂರುಗಳನ್ನು ಕೆರೆದು ತಿನ್ನುವ ಹಕ್ಕು ಯಾರದು ಎಂದು.

ಬರುತ್ತಿದ್ದವರೆಲ್ಲ ಬೀದಿಯ ಜನ, ಇಲ್ಲವೇ ಹನೂರು ಯಳಂದೂರು ಕಡೆಯಿಂದ ಗೂಡು ಮಾರಲು ಬಂದ ರೈತರು. ಅಮಾವಾಸ್ಯೆ ಹತ್ತಿರ ಬಂದರೆ ನಡೆದುಕೊಂಡು ಬೆಟ್ಟಕ್ಕೆ ಹೋಗುವ ಮಾದಪ್ಪನ ಒಕ್ಕಲು ಮುತ್ತುಗದ ಎಲೆಯಲ್ಲಿ ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಬೀದಿಯವರದು ಮಾತ್ರ ಬೇರೆಯೇ ಪದ್ಧತಿ. ಅವರು ಇಡ್ಲಿ ಕೊಳ್ಳುತ್ತಿದ್ದದ್ದೇ ಸಾಂಬಾರಿಗಾಗಿ. ಮನೆಯಿಂದ ಪಾತ್ರೆ ತರುವುದು, ಎರಡು ಇಡ್ಲಿ ತೆಗೆದುಕೊಳ್ಳುವುದು, ಪಾತ್ರೆ ತುಂಬ ಸಾಂಬಾರು ಹುಯ್ಯಿಸಿಕೊಂಡು ಹೋಗಿ ಮನೆಮಂದಿಯೆಲ್ಲ ಅದರಲ್ಲಿ ಮುದ್ದೆ ಉಣ್ಣುವುದು. ಸಾಂಬಾರಿಗೆ ಕಾಸಿಲ್ಲ. ಯಾರೂ ಕೊಡುತ್ತಿರಲಿಲ್ಲ, ಅವ್ವ ಕೇಳುತ್ತಲೂ ಇರಲಿಲ್ಲ.

ಇದರಲ್ಲಿ ಎತ್ತಿದ ಕೈ ಬಸವಣ್ಣಿ ಮಾವನದು. ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಇದ್ದ ಗೂಡಿನ ದಲ್ಲಾಳಿ. ನೆಂಟನಲ್ಲ, ಬಾಯಿಮಾತಿಗೆ ಮಾವ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಪಾತ್ರೆ. ಮೊದಮೊದಲು ಚೊಂಬು ತರುತ್ತಿದ್ದವನು ಆಮೇಲೆ ತಪ್ಪಲೆ ತಂದ. ಒಂದು ದಿನ ಅವನ ಕೈಲಿದ್ದ ಪಾತ್ರೆ ನೋಡಿ ನಾನು, “ಮಾವ, ಮದ್ವೆ ಯಾರ್ದು?” ಅಂದೆ. ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಅವ್ವ ನನ್ನ ತಲೆಗೆ ಮೊಟಕಿ, “ನೀ ಸುಮ್ಕಿರಮ್ಮಿ. ನಾಕು ಜನ ಉಣ್ಣೋ ಸಾರು, ಉಣ್ಲಿ ಬುಡು,” ಎಂದು ಆ ತಪ್ಪಲೆಯನ್ನು ತುಂಬಿಸಿಯೇ ಕಳಿಸಿದಳು.

ಆಮೇಲೆ ಬೆಲೆ ಏರಿದ ಆ ವರ್ಷ ಬಂತು. ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇರಬೇಕು. ಅಂಗಡಿಗೆ ಹೋದಾಗಲೆಲ್ಲ ಉದ್ದಿನಬೇಳೆಗೆ ಹೊಸ ರೇಟು. ತೊಗರಿಬೇಳೆಯ ಹೆಸರೆತ್ತಿದರೆ ಶೆಟ್ಟರು ನಮ್ಮ ಮುಖವನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಸೀಮೆಎಣ್ಣೆಗೆ ಕ್ಯೂ, ರೇಷನ್ ಅಕ್ಕಿಯಲ್ಲಿ ಅರ್ಧ ಕಲ್ಲು. ಅಪ್ಪನ ಮಗ್ಗಕ್ಕೆ ನೂಲಿಲ್ಲ. ಅವ್ವ ಬೇಳೆ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿಡುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಸಂಜೆ ಅವ್ವ ಒರಳು ತಿರುಗಿಸುತ್ತಾ ಕೂತಿದ್ದಾಗ ಅಪ್ಪ ಹೇಳಿದ, “ರೇಟ ಮುಟ್ಬ್ಯಾಡ ಕಣೆ. ಸೌಟ್ನಲ್ಲಿ ವಸಿ ಕಮ್ಮಿ ಉಯ್ಯಿ. ಯಾರ್ಗ್ ಗೊತ್ತಾದದು?”

ಅವ್ವ ಒರಳು ನಿಲ್ಲಿಸಲೇ ಇಲ್ಲ. “ನನ್ ಕೈಗ್ ಗೊತ್ತಾಯ್ತದಲ್ಲ,” ಅಂದಳು. “ಏರ್ಸೋದಾದ್ರೆ ಮೊಕ ನೋಡ್ಕಂಡು ಏರ್ಸ್ತೀನಿ. ಕದ್ದು ಕಮ್ಮಿ ಮಾಡಕಿಲ್ಲ.”

ಹಾಗೇ ಮಾಡಿದಳು. ಮಾರನೆಯ ಬೆಳಿಗ್ಗೆ ಬಂದವರಿಗೆಲ್ಲ ಇಡ್ಲಿ ಕೊಡುವುದಕ್ಕೆ ಮೊದಲೇ ಹೇಳಿದಳು: ಎರಡು ಇಡ್ಲಿಗೆ ಇಪ್ಪತ್ತು ಪೈಸೆ ಇದ್ದದ್ದು ಇನ್ನು ಮೇಲೆ ನಾಲ್ಕಾಣೆ, ಬೇಳೆ ಕೊಳ್ಳಲು ಆಗುತ್ತಿಲ್ಲ, ಸಾಂಬಾರು ಮೊದಲಿನ ಹಾಗೇ. ಐದು ಪೈಸೆ, ಕೇಳಿಸಿಕೊಳ್ಳಿ! ಐದು ಪೈಸೆಗೆ ಬೀದಿಗೆ ಬೀದಿಯೇ ಎದ್ದು ನಿಂತಿತು.

“ಏನ್ ಗೌರಕ್ಕ, ನಿಂಗೂ ಬಂತಾ ದುರಾಸೆ?” ಅಂದ ಒಬ್ಬ.

“ಜಗಲೀಲಿ ಕುಂತು ತಿನ್ನಾಕೂ ನಾಕಾಣೆ, ಬಸ್‌ಸ್ಟ್ಯಾಂಡ್ ತಾವ ಕುರ್ಚೀಲಿ ಕುಂತು ತಿನ್ನಾಕೂ ನಾಕಾಣೆ! ಇದ್ಯಾವ್ ನ್ಯಾಯ?” ಅಂದ ಇನ್ನೊಬ್ಬ.

ಬಸವಣ್ಣಿ ಮಾವ ತಪ್ಪಲೆ ಹಿಡಿದುಕೊಂಡೇ ಅವರಿಗೆಲ್ಲ ಲೋಕಜ್ಞಾನ ಹೇಳಿದ. “ಎಂಗಸ್ರು ಯಾಪಾರ ಮಾಡುದ್ರೆ ಇಂಗೇಯ. ಕೈಗೆ ನಾಕ್ಕಾಸು ಬಂದೇಟ್ಗೆ ಕಣ್ ಮ್ಯಾಕ್ಕೋಯ್ತವೆ.” ಹೀಗೆ ಹೇಳಿ, ಇಪ್ಪತ್ತೇ ಪೈಸೆ ಇಟ್ಟು, ಸಾಂಬಾರು ಹುಯ್ಯಿಸಿಕೊಂಡು ನಡೆದ. ನಾನು ಅವನ ಬೆನ್ನಿಗೆ ಏನೋ ಕೂಗಲು ಹೊರಟರೆ ಅವ್ವ ನನ್ನ ಜಡೆ ಹಿಡಿದು ಎಳೆದಳು. “ನಾಳೀಕೆ ಅವ್ನು ಬರ್ದಿದ್ರೆ ಅಷ್ಟು ಇಡ್ಲೀನೂ ನೀ ತಿಂದಿಯಾ?”

ಅವನು ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಜಗಲಿ ಅರ್ಧ ಖಾಲಿಯಾಯಿತು. ಮಿಕ್ಕ ಇಡ್ಲಿಯನ್ನು ನಾವು ಮಧ್ಯಾಹ್ನಕ್ಕೂ ತಿಂದೆವು, ಸಂಜೆಗೂ ತಿಂದೆವು. ಬಟ್ಟೆ ಕೆರೆದು ತಿನ್ನುವುದಕ್ಕೆ ನಾನೂ ತಮ್ಮನೂ ಜಗಳವಾಡುವುದು ತಾನಾಗಿಯೇ ನಿಂತುಹೋಯಿತು.

ಎಲ್ಲರೂ ಹೋಗಿದ್ದದ್ದು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ. ಅದಕ್ಕೆ ಬೇರೆ ಹೆಸರೇನೋ ಇತ್ತು, ನಾವು ಕರೆಯುತ್ತಿದ್ದದ್ದು ಕನ್ನಡಿ ಹೋಟೆಲ್ ಅಂತ. ಎರಡು ಗೋಡೆಗೂ ಆಳೆತ್ತರದ ಕನ್ನಡಿ, ಕಲ್ಲಿನ ಮೇಜು, ಮೇಲೆ ಫ್ಯಾನು, ಗಲ್ಲಾದ ಪಕ್ಕ ರೇಡಿಯೋ. ರಾಮಾಪುರದ ಬಸ್ಸಿಳಿದವನು ಮೊದಲು ಆ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಆಮೇಲೆ ಕಾಫಿ ಹೇಳುತ್ತಿದ್ದ. ಅಲ್ಲಿಯ ಬೋರ್ಡಿನಲ್ಲಿ ಎರಡು ಇಡ್ಲಿಗೆ ನಾಲ್ಕಾಣೆ ಎಂದೇ ಬರೆದಿತ್ತು, ಎಷ್ಟೋ ಕಾಲದಿಂದ ಹಾಗೇ ಇತ್ತು. “ನೋಡ್ರಯ್ಯ, ಊರೆಲ್ಲ ಏರುದ್ರೂ ಆವಯ್ಯ ಏರ್ಸ್ನಿಲ್ಲ. ಧರ್ಮಾತ್ಮ!” ಎಂದು ನಮ್ಮ ಬೀದಿಯವರೇ ಹೊಗಳುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಅಜ್ಜಿ ಕೊಟ್ಟಿದ್ದ ನಾಲ್ಕಾಣೆ ತೆಗೆದುಕೊಂಡು ಓಡಿಹೋಗಿ ಕನ್ನಡಿ ಹೋಟೆಲಿನಿಂದ ಎರಡು ಇಡ್ಲಿ ಕಟ್ಟಿಸಿಕೊಂಡು ಬಂದೆ. ಪಾತ್ರೆ ತಂದಿದ್ದೀನಿ, ಸಾಂಬಾರು ಹುಯ್ಯಿ ಅಂದದ್ದಕ್ಕೆ ಮಾಣಿ, ಒಂದು ಸೌಟಿನ ಮೇಲೆ ಬೇಕಾದರೆ ಬೇರೆ ಕಾಸು ಅಂದ. ಹಾಗಾದರೆ ಬೋರ್ಡಿನಲ್ಲಿ ಏರದ ಬೆಲೆ ಇಲ್ಲಿ ಏರಿತ್ತು! ನಮ್ಮ ಜಗಲಿಗೆ ಬಂದು ಒಂದು ಎಲೆಯ ಮೇಲೆ ಅವ್ವನ ಎರಡು ಇಡ್ಲಿ, ಪಕ್ಕದಲ್ಲಿ ಅಲ್ಲಿಯ ಎರಡು ಇಡ್ಲಿ ಇಟ್ಟೆ. ಅವ್ವನದು ಅಂಗೈ ತುಂಬುವ ಹಾಗಿತ್ತು. ಅಲ್ಲಿಯದು ಒತ್ತಿದ ಬೆರಣಿಯ ಹಾಗೆ ತೆಳ್ಳಗೆ ಕೂತಿತ್ತು. ಸರಿಯಾಗಿ ಆ ಹೊತ್ತಿಗೇ ಬಸವಣ್ಣಿ ಮಾವ ಹಲ್ಲು ಚುಚ್ಚಿಕೊಳ್ಳುತ್ತಾ ಹೋಟೆಲಿನಿಂದ ಮನೆಗೆ ಹೋಗುತ್ತಿದ್ದ. ಅಡ್ಡ ನಿಂತುಕೊಂಡೆ.

“ನೋಡಿ ಮಾವ. ನಿಮ್ ಧರ್ಮಾತ್ಮ ಏರ್ಸಿಲ್ವಾ? ನೋಡಿ!”

ಅವನು ಬಗ್ಗಿ ನೋಡಿದ. ಇಬ್ಬರು ನೇಯುವವರೂ ಬಂದು ನೋಡಿದರು. ಈಗ ನಾಚಿಕೆಯಾಗುತ್ತದೆ, ಅವ್ವನಿಗೆ ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ ಎಂದು ಕಾದೆ. ಬಸವಣ್ಣಿ ಮಾವ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕ.

“ಗೊತ್ತು ಕಣಮ್ಮಿ. ನಂಗೇನ್ ಕಣ್ಣಿಲ್ವಾ? ತಿನ್ನೋನು ನಾನಲ್ವಾ? ಆದ್ರೆ ಅಲ್ಲಿ ಫ್ಯಾನ್ ಅದೆ.”

ಎಲ್ಲರೂ ನಕ್ಕರು. ನಕ್ಕು ಹೊರಟುಹೋದರು. ಅಂದರೆ ಇವರಿಗೆಲ್ಲ ಗೊತ್ತಿತ್ತು! ಫ್ಯಾನಿನ ಕೆಳಗೆ ಕೂರಿಸಿ ಕಿತ್ತುಕೊಂಡರೆ ಇವರಿಗೆ ಅಡ್ಡಿಯಿಲ್ಲ. ಮುಖ ನೋಡಿ ಐದು ಪೈಸೆ ಹೆಚ್ಚಿಗೆ ಕೇಳಿದವಳು ದುರಾಸೆಯವಳು. ನಾನು ಸಿಟ್ಟಿನಲ್ಲಿ ಹೋಟೆಲಿನ ಇಡ್ಲಿಯನ್ನು ಚರಂಡಿಗೆ ಎಸೆಯಲು ಕೈ ಎತ್ತಿದೆ. ಅವ್ವ ಕೈ ಹಿಡಿದುಕೊಂಡಳು. “ಅನ್ನದ್ ಮ್ಯಾಲೆ ಕ್ವಾಪ ತೋರುಸ್ಬಾರ್ದು,” ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಸೋಡ ಆಕವ್ರೆ,” ಅಂದಳು. ಉಳಿದದ್ದನ್ನು ತಮ್ಮನಿಗೆ ಕೊಟ್ಟಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಜಗಲಿಯ ಒಲೆ ಆರಿತು. ಶೆಟ್ಟರು ಬೇಳೆಯನ್ನು ಕಡ ಕೊಡುವುದು ನಿಲ್ಲಿಸಿದ್ದರು. ಅಪ್ಪನ ಮಗ್ಗ ಇನ್ನೂ ಆಡುತ್ತಿರಲಿಲ್ಲ. ಆಗ ಅವ್ವನಿಗೆ ಕೆಲಸ ಸಿಕ್ಕಿತು. ಎಲ್ಲಿ ಅಂತೀರಿ? ಕನ್ನಡಿ ಹೋಟೆಲಿನ ಹಿತ್ತಲಿನಲ್ಲಿ. ಹಿಟ್ಟು ರುಬ್ಬುವುದು, ಇಡ್ಲಿ ಹುಯ್ಯುವುದು. ಅಪ್ಪ ಎರಡು ದಿನ ಮಾತು ಬಿಟ್ಟ. ನಾನು ಕೂಗಾಡಿದೆ, “ಅವನ ಹೋಟ್ಲಿಗೆ ಹೋಗ್ಬೇಡ,” ಎಂದು ಬಾಗಿಲಿಗೆ ಅಡ್ಡ ಕೂತೆ. ಅವ್ವ ನನ್ನನ್ನು ದಾಟಿಕೊಂಡು ಹೋದಳು.

ಮೊದಲ ದಿನಗಳಲ್ಲಿ ಅಲ್ಲಿ ಬೈಸಿಕೊಂಡು ಬರುತ್ತಿದ್ದಳು. ಮಾಲೀಕ ಹಿತ್ತಲ ಬಾಗಿಲಿಗೆ ಬಂದು ನಿಂತು, “ಮುಕ್ಕಾಲು ಸೌಟು ಅಂತ ಎಷ್ಟ್ ಸಲ ಹೇಳ್ಬೇಕಮ್ಮ? ನಿಮ್ಮ ಮನೆ ಜಗಲಿ ಅಂದ್ಕೊಂಡಿದ್ದೀಯಾ?” ಎಂದು ಕೂಗುತ್ತಿದ್ದನಂತೆ. ಸಂಜೆ ಮನೆಗೆ ಬಂದು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತು ಅವ್ವ, “ಏನ್ಮಾಡ್ಲಿ, ಕೈ ಕೇಳಕಿಲ್ಲ ಕಣಮ್ಮಿ. ತುಂಬೋಯ್ತದೆ,” ಅನ್ನುತ್ತಿದ್ದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಸಣ್ಣ ನಗು ಇರುತ್ತಿತ್ತು. ನನಗೂ ಒಳಗೊಳಗೇ ಖುಷಿ. ಬರಬರುತ್ತಾ ಬೈಗುಳ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಯಾಕೆ ನಿಂತಿತು ಎಂದು ನಾನು ಯೋಚಿಸಲಿಲ್ಲ.

ಬೀದಿಯವರು ಸುಮ್ಮನಿದ್ದರೇ? ಬಸವಣ್ಣಿ ಮಾವ ನಮ್ಮ ಮನೆ ಮುಂದೆಯೇ ನಿಂತು ಅಪ್ಪನಿಗೆ ಹೇಳಿದ, “ಗೌರಕ್ಕ ಸೇರ್ಕಂಡ್ ಮ್ಯಾಲೆ ಓಟ್ಲು ಇಡ್ಲಿ ಎಷ್ಟ್ ಮೆತ್ತಗಾಗ್ಯದೆ ಅಂತೀಯ! ಎಂಥಾ ಕೈಗುಣ ಕಣಯ್ಯ ನಿನ್ ಎಂಡ್ರುದು.” ಅಷ್ಟು ಹೊತ್ತಿಗೆ ಆ ಬೋರ್ಡಿನಲ್ಲೂ ಬೆಲೆ ಏರಿತ್ತು. ಒಬ್ಬನೂ ತುಟಿ ಬಿಚ್ಚಲಿಲ್ಲ, ಗಲ್ಲಾದ ಮುಂದೆ ಚಿಲ್ಲರೆ ಇಟ್ಟು ಕೈ ಬೇರೆ ಮುಗಿದು ಬರುತ್ತಿದ್ದರು.

ಆ ವರ್ಷದ ದೀಪಾವಳಿ ಬಂತು. ಎಣ್ಣೆ ನೀರು ಹುಯ್ದುಕೊಂಡು ಬೆಳಿಗ್ಗೆ ಇಡ್ಲಿ ತಿನ್ನುವುದು ನಮ್ಮ ಮನೆಯ ಪದ್ಧತಿ. ಹೋಟೆಲಿನಲ್ಲಿ ರಜೆ ಬೇಡಿಕೊಂಡು ಬಂದ ಅವ್ವ ಬಹಳ ದಿನಗಳ ಮೇಲೆ ಆ ಒಲೆ ಹಚ್ಚಿದಳು. ಅದೇ ಪಾತ್ರೆ, ಅದೇ ಬಟ್ಟೆ, ಅದೇ ಸೌಟು. ನಾನೂ ತಮ್ಮನೂ ಒದ್ದೆ ತಲೆಯಲ್ಲೇ ಒಲೆ ಮುಂದೆ ಕೂತೆವು. ಅವ್ವ ಮುಚ್ಚಳ ತೆಗೆದು, ಬಟ್ಟೆ ಎತ್ತಿ ಮೊರದ ಮೇಲೆ ಕವುಚಿದಳು.

ಇಡ್ಲಿಗಳು ತೆಳ್ಳಗಿದ್ದವು. ಒಂದಲ್ಲ, ಎಲ್ಲವೂ. ಕನ್ನಡಿ ಹೋಟೆಲಿನವೇ ಎದ್ದು ಬಂದು ಕೂತ ಹಾಗೆ ಒಂದೇ ಸಮ.

“ಅವ್ವ, ಹಿಟ್ಟು ಸಾಲ್ದೆ ಬಂತಾ?” ಅಂದ ತಮ್ಮ.

ಹಿಟ್ಟು ಸಾಲದೆ ಬಂದಿರಲಿಲ್ಲ. ಪಾತ್ರೆಯಲ್ಲಿ ಇನ್ನೂ ಬೇಕಾದಷ್ಟಿತ್ತು. ಅವ್ವ ಹಿಟ್ಟನ್ನು ನೋಡಿದಳು, ಸೌಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು, ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು. “ತುಂಬಾನೇ ಉಯ್ದೆ ಅನ್ಕಂಡೆ ಕಣಮ್ಮಿ,” ಅಂದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಹೋಗಿಬಿಟ್ಟ.

ಈಗ ಊರಿಗೆ ಹೋದಾಗ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಕಾಲಿಟ್ಟಲ್ಲೆಲ್ಲ ಹೋಟೆಲು. ದೋಸೆಯ ಬೆಲೆ ನೋಡಿ ಜೊತೆಯಲ್ಲಿದ್ದವರು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ, ಬಡಿದುಕೊಂಡೇ ತಿಂದು, ಕೇಳಿದಷ್ಟು ಕೊಟ್ಟು ಬರುತ್ತಾರೆ. ಹೊರಗೆ ಬಂದು ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪಡ್ಡು ಮಾರುವವಳ ಹತ್ತಿರ, “ಹೋದ ಸಲ ಇಷ್ಟಿರಲಿಲ್ವಲ್ಲ!” ಎಂದು ಅವರೇ ಚೌಕಾಸಿಗೆ ನಿಲ್ಲುತ್ತಾರೆ. ಬೆಲೆ ಏರಿತೆಂದು ನನಗೆ ಸಿಟ್ಟಿಲ್ಲ. ಅಕ್ಕಿ ಬೇಳೆ ಏರಿದರೆ ಇಡ್ಲಿಯೂ ಏರಲೇಬೇಕು, ಅದು ಹತ್ತು ವರ್ಷದ ಹುಡುಗಿಗೂ ತಿಳಿದಿತ್ತು. ಮುಖ ನೋಡಿ ನಿಜವಾದ ಬೆಲೆ ಹೇಳುವವರನ್ನು ನಾವೇ ಅಟ್ಟಿಬಿಟ್ಟೆವಲ್ಲ, ಈಗ ಮುಕ್ಕಾಲು ಸೌಟಿನವರು ಮಾತ್ರ ಉಳಿದಿದ್ದಾರೆ ಎಂದು ಅಳುವುದಕ್ಕೆ ನಮಗೆ ಯಾವ ಬಾಯಿದೆ?

ಅವ್ವ ಹೋಟೆಲಿನ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಬದುಕಿದ್ದಳು. ಮನೆಯಲ್ಲಿ ಇಡ್ಲಿ ಮಾಡಿದಾಗಲೆಲ್ಲ ಹಿಟ್ಟು ಅವಳೇ ಕಲಸುತ್ತಿದ್ದಳು, ಬಟ್ಟೆ ಅವಳೇ ಹಾಸುತ್ತಿದ್ದಳು. ಹುಯ್ಯುವ ಹೊತ್ತಿಗೆ ಮಾತ್ರ ಸೌಟನ್ನು ನನ್ನ ಕಡೆಗೆ ಚಾಚಿ ಪಕ್ಕಕ್ಕೆ ಸರಿದು ಕೂರುತ್ತಿದ್ದಳು.

“ನೀನೇ ಉಯ್ಯಿ ಕಣಮ್ಮಿ. ನನ್ ಕೈನ ನಾ ನಂಬಕಿಲ್ಲ.”