ನಾರಿನ ಪುಡಿಯೂ ಅಕ್ಕನ ಸೋಸುಬಟ್ಟೆಯೂ

ಮೊಮ್ಮಗಳು ಬದುಕಿ ಮನೆಗೆ ಬಂದಳು! ಮೊದಲು ಇದನ್ನು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಮಾದಿಹಳ್ಳಿಯ ನಮ್ಮ ಮನೆ ಮುಂದೆ ಬಾಡಿಗೆ ಕಾರು ನಿಂತಾಗ ತಾನೇ ಬಾಗಿಲು ತೆಗೆದು ಇಳಿದಳು. ಕೈಕಾಲು ಕಡ್ಡಿಯಾಗಿದ್ದವು, ಧ್ವನಿ ಒಡೆದಿತ್ತು. ಇಳಿದವಳೇ ಕೊಟ್ಟಿಗೆ ಕಡೆ ನೋಡಿ, "ತಾತ, ಕೆಂದ ಹಸ ಕರ ಹಾಕ್ತಾ?" ಅಂದಳು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖಕ್ಕೆ ಒತ್ತಿಕೊಂಡೆ. ಬೀದಿಯವರೆಲ್ಲ ನೋಡುತ್ತಿದ್ದರು. ನೋಡಲಿ.

ಈಗ ಹೇಳುತ್ತೇನೆ, ಆ ಖುಷಿ ಬರೋ ಹೊತ್ತಿಗೆ ನಾನು ಎಷ್ಟು ಹಲ್ಲು ಕಡಿದಿದ್ದೆ ಅಂತ.

ಇದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಬೇಲೂರಿನ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಜ್ವರ ಅಂತ ಮಲಗಿದಳು. ಜ್ವರ ನಿಮೋನಿಯಾಕ್ಕೆ ತಿರುಗಿತು. ಉಸಿರು ಎಳೆಯೋಕೆ ಆಗದೆ ಒದ್ದಾಡುತ್ತಿದ್ದವಳನ್ನು ಹಾಸನದ ಒಂದು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಬಾಯಿಗೆ ಪೈಪು ಇಳಿಸಿ ಮಿಷನ್ನಿನಿಂದ ಉಸಿರಾಡಿಸಿದರು. ಬಾಟಲಿ ಮೇಲೆ ಬಾಟಲಿ ಔಷಧಿ ಹೋಯಿತು. ಕೊನೆಗೆ ಮಿಷನ್ ತೆಗೆದು ಪಕ್ಕದ ಕೋಣೆಗೆ ತಂದರು. ಕಣ್ಣು ಬಿಡುತ್ತಿದ್ದಳು, ಆದರೆ ನುಂಗೋ ಶಕ್ತಿ ಇರಲಿಲ್ಲ. ಮೂಗಿನಿಂದ ಹೊಟ್ಟೆವರೆಗೆ ಸಣ್ಣ ಟ್ಯೂಬು, ಅದರಲ್ಲೇ ಊಟ. ಮನೆಯವರು ಒಬ್ಬರು ಜೊತೆಗಿರಬಹುದು. ಆ ಊಟವನ್ನು ಹೇಗೆ ಹುಯ್ಯಬೇಕು ಅಂತ ನರ್ಸಮ್ಮ ನಮಗೇ ಹೇಳಿಕೊಟ್ಟಿದ್ದರು.

ಪಕ್ಕದ ಮಂಚದಲ್ಲಿ ಬಾಣಾವರದ ಕಡೆಯ ಒಬ್ಬ ಯಜಮಾನರಿದ್ದರು. ಬಂದ ಕಾಯಿಲೆ ಇಳಿಯೋ ಹೊತ್ತಿಗೆ ಅವರಿಗೆ ಬೇರೆ ಕ್ರಿಮಿ ಹಿಡಿದಿತ್ತಂತೆ, ಯಾವ ಔಷಧಿಗೂ ಬಗ್ಗಲಿಲ್ಲವಂತೆ. ಒಂದು ಬೆಳಿಗ್ಗೆ ನಾನು ಹೋದಾಗ ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿದ್ದರು.

ಅವತ್ತೇ ಡಾಕ್ಟ್ರಮ್ಮ ನಮ್ಮನ್ನು ಕರೆದರು. ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡೋರು. "ತಾತ, ನಾವು ಕೊಟ್ಟಿರೋ ಜೋರು ಔಷಧಿ ಕೆಟ್ಟ ಕ್ರಿಮಿ ಜೊತೆಗೆ ಹೊಟ್ಟೇಲಿರೋ ಒಳ್ಳೇ ಕ್ರಿಮೀನೂ ಸಾಯಿಸುತ್ತೆ. ಜಾಗ ಖಾಲಿ ಆದ್ರೆ ಮಾತು ಕೇಳದ ಕ್ರಿಮಿ ಬಂದು ಅಲ್ಲೇ ಕೂತುಬಿಡುತ್ತೆ. ಅದಕ್ಕೆ ಊಟದ ಜೊತೆ, ಕಾಳು ಸೊಪ್ಪಲ್ಲಿ ಇರುತ್ತಲ್ಲ, ಆ ನಾರಿನ ಪುಡಿ ಕೊಡೋಣ ಅಂತ. ಅದು ಒಳ್ಳೇ ಕ್ರಿಮಿಗೆ ಆಹಾರ. ಇದರಿಂದಲೇ ಉಳೀತಾಳೆ ಅಂತ ಹೇಳಲ್ಲ, ಇನ್ನೂ ಹೊಸದು. ನೀವೂ ಒಪ್ಪಬೇಕು."

ನನಗೆ ಓದು ಅಷ್ಟಕ್ಕಷ್ಟೆ. ಆದರೆ ಇದು ತಲೆಗೆ ಹೋಯಿತು. ಕೆಚ್ಚಲು ಬಾವು ಬಂದು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡ ಹಸು ಮೇವು ಮುಟ್ಟದೆ, ಮೆಲುಕು ಹಾಕದೆ ನಿಲ್ಲೋದನ್ನು ನೋಡಿದ್ದೇನೆ. ಆಗ ಒಣಹುಲ್ಲು ಹಾಕಿ ಹಾಕಿ ಹೊಟ್ಟೇನ ದಾರಿಗೆ ತರಬೇಕು. ಸರಿ ಅಂತ ತಲೆಯಾಡಿಸಿದೆ.

ತಲೆಯಾಡಿಸಿದ್ದಷ್ಟೇ. ಆಚೆ ಜಗಲಿಯಲ್ಲಿ ನಮ್ಮಕ್ಕ ಕೂತಿದ್ದಳು.

ಅಕ್ಕನಿಗೆ ನನಗಿಂತ ವಯಸ್ಸು ಹೆಚ್ಚು, ಗಂಟಲೂ ಹೆಚ್ಚು. ನನ್ನ ಹೆಂಡತಿ ಹೋದ ಮೇಲೆ ಮನೆ ಅವಳ ಕೈಲೇ ನಡೆದಿದ್ದು. ಅವಳ ಕಾನೂನಿನಲ್ಲಿ ಜ್ವರ ಬಂದರೆ ರಾಗಿ ಬಂದ್, ಸೊಪ್ಪು ಬಂದ್, ಕಾಳು ಬಂದ್. ಅಕ್ಕಿ ಗಂಜಿ ಮಾತ್ರ, ಅದನ್ನೂ ಬಿಳಿ ಬಟ್ಟೆಯಲ್ಲಿ ಸೋಸಿ ತಿಳಿ ಕೊಡಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಆ ಬಟ್ಟೆಯಿಂದಿಳಿದ ಗಂಜಿ ಕುಡಿದೇ ಎದ್ದವರು.

"ಏನ್ಲಾ, ಉಸಿರಿಲ್ಲದ ಮಗೀಗೆ ನಾರು ತಿನ್ನಿಸ್ತೀಯಾ? ಅವಳೇನು ನಿನ್ನ ಕೊಟ್ಟಿಗೆ ಹಸಾನಾ?"

"ಡಾಕ್ಟ್ರು ಹೇಳವ್ರೆ ಕಣಕ್ಕ."

"ಆ ಡಾಕ್ಟ್ರು ನಿನ್ನೆ ಮೊನ್ನೆ ಹುಟ್ಟಿದೋಳು. ನಿಂಗೆ ಟೈಫಾಯಿಡ್ ಆದಾಗ ತಿಳಿಗಂಜಿ ಹುಯ್ದು ಎಬ್ಬಿಸಿದ್ದು ಯಾರ್ಲಾ?"

ಹುಡುಗಿಯ ಅಪ್ಪ, ನನ್ನ ಮಗನ ಮುಖ ನೋಡಿದೆ. ಅವನು ನೆಲ ನೋಡುತ್ತಾ, "ಅತ್ತೆ ಹೇಳೋದ್ರಲ್ಲೂ ಅರ್ಥ ಐತಪ್ಪ" ಅಂದ.

"ನಿಂಗೆ ಎಲ್ಲಾರ ಮಾತಲ್ಲೂ ಅರ್ಥ ಐತೆ, ನಿನ್ನ ಬಾಯಲ್ಲಿ ಮಾತ್ರ ಇಲ್ಲ!" ಅಂತ ಕಿರುಚಿದೆ. ವಾಚ್‌ಮನ್ ಬಂದು ಸದ್ದು ಮಾಡಬೇಡಿ ಅಂದ.

ಕೊನೆಗೆ ಸೊಸೆಯೇ ಬಾಯಿಬಿಟ್ಟಳು. "ಕೊಡ್ಲಿ ಮಾವ. ಕೊಡದೆ ಏನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ?" ಹೆತ್ತವಳ ಮಾತು, ಅಕ್ಕ ಸುಮ್ಮನಾದಳು. ಸುಮ್ಮನಾದಳು ಅಂತ ನಾನು ನಂಬಿದೆ.

ಮರುದಿನದಿಂದ ಪುಡಿ ಶುರುವಾಯಿತು, ಸೊಸೆಯೂ ಅಕ್ಕನೂ ಸರದಿ ಮೇಲೆ ಹುಯ್ಯುತ್ತಿದ್ದರು. ನಾನು ಡೈರಿಗೆ ಹಾಲು ಹಾಕಿ, ಹಳೇಬೀಡಿನಲ್ಲಿ ಬಸ್ಸು ಹಿಡಿದು ಹಾಸನಕ್ಕೆ ಹೋಗಿಬರುತ್ತಿದ್ದೆ. ಒಂದು ದಿನ ಸೊಸೆ ಸ್ನಾನಕ್ಕೆ ಹೋಗಿದ್ದಳು, ಕೋಣೆಯಲ್ಲಿ ಅಕ್ಕ ಇದ್ದಳು. ಕಿಟಕಿ ಸರಳಿನ ಮೇಲೆ ಒಂದು ಬಿಳಿ ಬಟ್ಟೆ ಒಣಗಲು ಹಾಕಿತ್ತು. ಗುರುತಿನ ಬಟ್ಟೆ, ನಮ್ಮ ಅಡುಗೆಮನೆಯದು. ಮುಟ್ಟಿ ನೋಡಿದೆ. ಗಂಟು ಗಂಟಾಗಿ ಏನೋ ಅಂಟಿಕೊಂಡಿತ್ತು.

"ಇದೇನಕ್ಕ?"

"ಏನಿಲ್ಲ ಬಿಡು."

"ಪುಡಿ ಸೋಸ್ತಾ ಇದೀಯಾ?"

"ಮತ್ತೆ? ಕಾಯಿಲೆಯೋರ್ಗೆ ಗಂಟು, ಗಸಿ ಹುಯ್ತಾರಾ ಯಾರಾದ್ರೂ?"

ಅವಳ ಸರದಿ ಬಂದಾಗಲೆಲ್ಲ ಡಾಕ್ಟ್ರಮ್ಮನ ಪುಡಿ ಬಟ್ಟೆಗೆ, ಬರೀ ತಿಳಿ ಹುಡುಗಿಗೆ! ಒಡಹುಟ್ಟಿದವಳು, ಅದೂ ದೊಡ್ಡವಳು, ಬೈಯುವಂತಿಲ್ಲ. ಮೊಮ್ಮಗಳು ಮಲಗಿದ್ದಾಳೆ, ಕೂಗುವಂತಿಲ್ಲ. ಆ ಬಟ್ಟೆಯನ್ನು ಸರಳಿನಿಂದ ಎಳೆದು ಜೇಬಿಗೆ ತುರುಕಿಕೊಂಡೆ. ಅದೇ ಸಂಜೆ ಹುಡುಗಿಗೆ ಮತ್ತೆ ಜ್ವರ ಏರಿತು. ಬಾಣಾವರದವರ ಖಾಲಿ ಮಂಚ ನನ್ನ ಕಣ್ಣೆದುರೇ ಇತ್ತು.

ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಬಟ್ಟೆ ವಿಷಯ ನಾನೇ ಹೇಳಿದೆ. ಡಾಕ್ಟ್ರಮ್ಮ ಅಕ್ಕನ ಮೇಲೆ ರೇಗುತ್ತಾರೆ ಅಂದುಕೊಂಡಿದ್ದೆ, ನಿಜ ಹೇಳಬೇಕಂದರೆ ರೇಗಲಿ ಅಂತಲೇ ಇತ್ತು ನನಗೆ. ಅವರು ಬಟ್ಟೆ ತೆಗೆದುಕೊಂಡು ನೋಡಿ, "ಗಂಟಾಗಿದ್ರೆ ಟ್ಯೂಬು ಕಟ್ಟಿಕೊಳ್ಳೋದು ನಿಜ ಅಜ್ಜಿ. ಆದ್ರೆ ಸೋಸಬಾರದು. ಬೆಚ್ಚಗಿನ ನೀರಲ್ಲಿ ಗಂಟಿಲ್ಲದಂಗೆ ಕಲಸಬೇಕು" ಅಂದರು.

ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಗಂಟಿಲ್ಲದಂಗೆ ತಿರುವೋದನ್ನ ನನಗೆ ಹೇಳಿಕೊಡ್ತೀಯೇನವ್ವ? ಹುಟ್ಟಿದಾಗಿಂದ ಮುದ್ದೆ ತಿರುವಿವ್ನಿ. ಮೊದಲೇ ಹಂಗಂತ ಹೇಳೋಕೇನಾಗಿತ್ತು?"

ಇಷ್ಟು ದಿನ ನಾವೆಲ್ಲ ಬಡಕೊಂಡಿದ್ದು ಏನು ಮತ್ತೆ! ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅವತ್ತಿನಿಂದ ಅಕ್ಕ ಆ ಪುಡಿಯನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಸೊಸೆ ಕಲಸಿದರೆ, "ಸರಿಯಾಗಿ ಕದಡಿಲ್ಲ" ಅಂತ ಅವಳ ಕೈಯಿಂದ ಲೋಟ ಕಿತ್ತುಕೊಳ್ಳುತ್ತಿದ್ದಳು.

ಪರೀಕ್ಷೆಯ ಫಲಿತಾಂಶ ಬರೋವರೆಗೆ ನಾನು ಹೋದಾಗಲೆಲ್ಲ ಆ ಖಾಲಿ ಮಂಚಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಬಂತು. ಆ ಮಾತು ಕೇಳದ ಕ್ರಿಮಿ ಅಲ್ಲವಂತೆ, ಸಾಮಾನ್ಯದ್ದು, ಔಷಧಿಗೆ ಬಗ್ಗುತ್ತದಂತೆ. ಬಗ್ಗಿತು. ಆಮೇಲೆ ನುಂಗೋದು ಕಲಿತಳು, ಕೂತಳು, ನಡೆದಳು. ಪುಡಿಯಿಂದಲೇ ಅಂತ ಡಾಕ್ಟ್ರಮ್ಮ ಕೊನೆವರೆಗೂ ಹೇಳಲಿಲ್ಲ. ನನ್ನ ಕೈಯಿಂದಲೇ ಅಂತ ಅಕ್ಕ ಹೇಳಿಕೊಂಡು ಬಂದಳು. ಹಾಸನದಿಂದ ಮಾದಿಹಳ್ಳಿವರೆಗೆ, ಕಾರಿನ ಡ್ರೈವರಿಗೂ ಬಿಡದೆ ಹೇಳಿದಳು.

ಮನೆಗೆ ಬಂದ ಆ ಸಂಜೆ ಅಡುಗೆಮನೆಯಲ್ಲಿ ಮತ್ತೆ ಸದ್ದು. ಅಕ್ಕ ಹುಡುಗಿಗೆ ಅಂತ ಬೇರೆ ಗಂಜಿ ಇಟ್ಟಿದ್ದಳು. ಹುಡುಗಿ ನಮ್ಮ ಪಂಕ್ತಿಯಲ್ಲೇ ಬಂದು ಕೂತು, ಒಡಕು ಧ್ವನಿಯಲ್ಲಿ, "ನಂಗೂ ಮುದ್ದೆ ಸೊಪ್ಪಿನ ಸಾರು. ಸೋಸ್ಬೇಡ ಕಣಜ್ಜಿ" ಅಂದಳು.

ಸೊಸೆ ನಗು ತಡೆಯಲಾರದೆ ಆ ಕಡೆ ತಿರುಗಿದಳು. ಮಗ ಎಂದಿನಂತೆ, "ಇಬ್ರು ಹೇಳೋದ್ರಲ್ಲೂ..." ಅಂತ ಶುರು ಮಾಡಿದ. ನಾನು ಕಣ್ಣು ಕೆಕ್ಕರಿಸಿದೆ, ನಿಲ್ಲಿಸಿದ.

ಅಕ್ಕ ಗೊಣಗುತ್ತಲೇ ನಿಂಬೆಗಾತ್ರದ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಸೊಪ್ಪು ಸಮೇತ ಸಾರು ಬಿಟ್ಟಳು. "ತಿನ್ನೇ. ಒಂದು ಗಂಟು ಸಿಕ್ಕಿದ್ರೆ ಹೇಳು."

ಹುಡುಗಿ ಮುರಿದು, ಅದ್ದಿ, ನುಂಗಿದಳು. ನಾವೆಲ್ಲ ಕೈ ತಡೆದು ಅವಳ ಗಂಟಲನ್ನೇ ನೋಡುತ್ತಿದ್ದೆವು. ಇಳಿಯಿತು.

"ಇನ್ನೊಂಚೂರು ಸಾರು" ಅಂದಳು. ಅಕ್ಕನೂ ತಟ್ಟೆ ಹಾಕಿಕೊಂಡು ಅವಳ ಪಕ್ಕದಲ್ಲೇ ಕೂತಳು, ಎಲ್ಲರೂ ಉಂಡೆವು.