ನೆಗೆಣ್ಣಿ ನೋಡಿ ಬಂದ ಸಮುದ್ರ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅಂಡಮಾನಿಗೆ ಹೋಗುತ್ತಾಳೆಂಬ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿ ಹೇಳಿದರು: "ಸಣ್ಣಾವರು ಸಮುದ್ರ ನೋಡ್ಲಿಕ್ಕ ಹೊಂಟಾರಂತ, ಇಮಾನದಾಗ!" ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವವಳು ನಾನು, ನನ್ನ ಕೈಯಲ್ಲಿ ರೊಟ್ಟಿ ಹರಿಯುವುದು ಸಣ್ಣ ಮಾತಲ್ಲ.

ನನಗೆ ಹೊಟ್ಟೆಕಿಚ್ಚಾಗಿತ್ತು. ಅದಕ್ಕೆ ಬೇಸರ, ನೋವು ಎಂದೆಲ್ಲ ಚಂದದ ಹೆಸರಿಟ್ಟು ಉಪಯೋಗವಿಲ್ಲ. ನನ್ನ ಗಂಡ ಮತ್ತು ಮೈದುನ ಒಂದೇ ತಾಯಿಯ ಮಕ್ಕಳು. ಗಂಡನದು ಶಹಾಬಾದಿನಲ್ಲಿ, ಮನೆಯ ಪಕ್ಕದಲ್ಲೇ, ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಅಡ್ಡಾ. ಮೈದುನನದು ಸೇಡಂ ಅಂಚೆ ಕಚೇರಿಯಲ್ಲಿ ಕೇಂದ್ರ ಸರಕಾರದ ನೌಕರಿ. ಅವನಿಗೆ ಕೆಲವು ವರ್ಷಕ್ಕೊಮ್ಮೆ ಸರಕಾರವೇ ಖರ್ಚು ಕೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇಶ ನೋಡಿ ಬಾ ಎಂದು ಕಳಿಸುತ್ತದೆ. ನನ್ನ ಗಂಡನಿಗೆ ಅವನ ಅಡ್ಡಾ ಕೊಡುವುದು ಮೂಗಿನ ತುಂಬ ಬಿಳಿ ದೂಳು.

ಸಮುದ್ರ ನೋಡುವ ಆಸೆ ನನಗೆ ಲಂಗ ಉಡುವ ಕಾಲದಿಂದ ಇದೆ. ಮದುವೆಯಾದ ವರ್ಷ ಗಂಡ ಗೋವಾ ಎಂದಿದ್ದ. ಆ ವರ್ಷ ಯಾವುದೋ ಕಲ್ಯಾಣ ಮಂಟಪಕ್ಕೆ ಕಲ್ಲಿನ ಆರ್ಡರ್ ಬಂತು. ಮರುವರ್ಷ ಇನ್ನೊಂದು ಆರ್ಡರ್ ಬಂತು. ಹೀಗೆ ಆರ್ಡರುಗಳು ಬರುತ್ತ ಹೋದವು, ಗೋವಾ ಹಿಂದಕ್ಕೆ ಸರಿಯುತ್ತ ಹೋಯಿತು. ನೆಗೆಣ್ಣಿಯ ಸುದ್ದಿ ಬಂದ ದಿನ ನಾನು ಮುಖ ಗಂಟಿಕ್ಕಿಕೊಂಡು ಅನ್ನ ಬಡಿಸುತ್ತಿದ್ದಾಗ ಅವನು ನಕ್ಕು ಹೇಳಿದ: "ಅಲ್ಲಲೇ, ಈ ಕಲ್ಲೆಲ್ಲಾ ಒಂದ್ ಕಾಲಕ್ಕ ಸಮುದ್ರದ ತಳಾನ ಇತ್ತಂತ. ನೀ ದಿನಾ ಕಸಾ ಹೊಡಿಯೋದು ಸಮುದ್ರದ ಮ್ಯಾಲೇ."

"ನೀರೆಲ್ಲಾ ಬತ್ತಿದ ಮ್ಯಾಲ ನಂಗ ಕೊಟ್ಟೀರಿ," ಅಂದೆ. ಅವನು ತಟ್ಟೆ ಮುಂದೆ ಚಾಚಿ ಸಾರು ಕೇಳಿದ.

ಅವರು ಹೊರಡುವ ದಿನ ಗೊತ್ತು ಮಾಡಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಅತ್ತೆಯ ಮುಂದೆ. ಮೇ ತಿಂಗಳ ಕೊನೆಯ ವಾರ. ಮಕ್ಕಳ ಶಾಲೆ ಇಲ್ಲ, ಸೇಡಂನ ಬಿಸಿಲಿನಿಂದ ತಪ್ಪಿಸಿಕೊಂಡಂತೆಯೂ ಆಗುತ್ತದೆ. ಮಳೆಯ ಮಾತು ಬಂತು. ಅತ್ತೆ ಬೆರಳು ಮಡಚಿ ಎಣಿಸಿ, ಮಿರಗದ ಮಳೆಗೆ ಇನ್ನೂ ದಿನವಿದೆ, ಅಷ್ಟರೊಳಗೆ ಹೋಗಿ ಬಂದುಬಿಡಬಹುದು ಎಂದರು. ಮೃಗಶಿರಕ್ಕೆ ನಾವು ಮಿರಗ ಎನ್ನುವುದು. ಬಿತ್ತನೆಯಿಂದ ಹಿಡಿದು ಮಾಳಿಗೆ ಸೋರುವ ಜಾಗಕ್ಕೆ ಮಣ್ಣು ಹಾಕುವವರೆಗೆ ನಮ್ಮ ಕಡೆಯವರ ಲೆಕ್ಕವೆಲ್ಲ ಅದರ ಮೇಲೆಯೇ. ಸಮುದ್ರದ ನಡುವಿನ ದ್ವೀಪಕ್ಕೂ ನಾವು ಅದೇ ಲೆಕ್ಕ ಹಾಕಿದೆವು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಟಿಕೆಟ್ ಆಯಿತು.

ಮರುದಿನ ನೆಗೆಣ್ಣಿ ಮನೆಯವರ ವಾಟ್ಸಪ್ ಗುಂಪಿನಲ್ಲಿ ತಾವು ಹೋಗುವ ಬೀಚಿನ ಚಿತ್ರ ಹಾಕಿದಳು. ಹಸಿರೂ ಅಲ್ಲದ ನೀಲಿಯೂ ಅಲ್ಲದ ನೀರು, ಬಿಳಿ ಮರಳು, ನೀರಿನ ಮೇಲೆ ಬಾಗಿದ ಒಂದು ಮರ. ಕೆಳಗೆ ನಾಲ್ಕು ನಗುಮುಖ. ಆ ನಗುಮುಖಗಳೇ ನನ್ನನ್ನು ಕೆಡಿಸಿದ್ದು. ಬೀಚಿನ ಹೆಸರನ್ನು ಫೋನಿನಲ್ಲಿ ಹುಡುಕಿದೆ. ಫೋನು ಹೇಗೆಂದರೆ, ಒಮ್ಮೆ ಕೇಳಿದರೆ ಸಾಕು, ಆಮೇಲೆ ಬೇಡವೆಂದರೂ ತಂದು ತಂದು ಮುಂದೆ ಇಡುತ್ತದೆ. ಹಾಗೆ ಒಂದು ದಿನ ಆ ಬೀಚಿನ ಅಲೆಗಳ ವರದಿ ಕೊಡುವ ಪುಟ ಸಿಕ್ಕಿತು.

ಅದು ಹಲಗೆಯ ಮೇಲೆ ನಿಂತು ಅಲೆ ಏರುವ ಹುಚ್ಚರಿಗಾಗಿ ಮಾಡಿದ ಪುಟ. ಅಲೆ ಎಷ್ಟು ಎತ್ತರ, ಒಂದು ಅಲೆಗೂ ಮುಂದಿನದಕ್ಕೂ ಎಷ್ಟು ಸೆಕೆಂಡು ಅಂತರ, ಗಾಳಿ ಯಾವ ದಿಕ್ಕಿನದು, ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಮಳೆ ಎಷ್ಟು, ಎಲ್ಲವೂ ಅದರಲ್ಲಿತ್ತು. ಒಳ್ಳೆಯ ದಿನಕ್ಕೆ ಹಸಿರು ಬಣ್ಣ. ಮೇ ಕೊನೆಯ ವಾರದ ಕಡೆ ಸರಿಸಿ ನೋಡಿದರೆ ಸಾಲಾಗಿ ಹಸಿರೋ ಹಸಿರು. ಅವಳ ನಸೀಬು ಎಷ್ಟು ಚಲೋ ಎಂದು ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ತಿಳಿಯಿತು, ಆ ಹಸಿರು ಹಲಗೆಯವರಿಗೆ. ಅಲೆ ದೊಡ್ಡದಾದಷ್ಟೂ ಅವರಿಗೆ ಹಬ್ಬ. ನಮ್ಮಂಥ ಸೀರೆ ಎತ್ತಿ ಹಿಡಿದು ಕಾಲು ತೋಯಿಸುವವರಿಗೆ ಅಂಥ ದಿನ ದಂಡೆಯಲ್ಲಿ ಕೆಂಪು ಬಾವುಟ ನೆಡುತ್ತಾರೆ, ನೀರಿಗೆ ಬಿಡುವುದಿಲ್ಲ. ಇನ್ನೂ ಓದಿದೆ. ಮುಂಗಾರು ಮೊದಲು ಬೀಳುವುದೇ ಆ ದ್ವೀಪಗಳ ಮೇಲೆ. ಅಲ್ಲಿ ಸುರಿದು, ಕೇರಳದಲ್ಲಿ ಸುರಿದು, ಆಮೇಲೆ ಸಾವಕಾಶವಾಗಿ ನಮ್ಮ ಮಿರಗವಾಗಿ ಬರುತ್ತದೆ. ಇವರು ಹೊರಟಿದ್ದು ನೇರವಾಗಿ ಮಳೆಯ ಬಾಯಿಗೆ.

ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಖುಷಿ ತಡೆಯಲಾಗದೆ, ಮುಂದಿನ ಭಾನುವಾರ ಅವರು ಮನೆಗೆ ಬಂದಾಗ ಫೋನು ಮುಂದೆ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ.

"ಅಲ್ಲಿ ಮಿರಗಾ ಗಿರಗಾ ಏನೂ ಇಲ್ರಿ. ನೀವು ಹೋಗೋ ಹೊತ್ತಿಗೆ ಮಳಿ ಸುರೂ ಆಗಿರ್ತದ. ಅಲಿ ಭಾಳ ಎತ್ತರ ಬರ್ತಾವ, ನೀರಾಗ ಇಳಿಲಿಕ್ಕ ಬಿಡಂಗಿಲ್ಲ. ದೀಪಾವಳಿ ಆದ ಮ್ಯಾಲ ಹೋಗ್ರಿ."

ಯಾರೂ ಫೋನು ನೋಡಲಿಲ್ಲ, ಎಲ್ಲರೂ ನನ್ನ ಮುಖ ನೋಡಿದರು. ಮೈದುನ ಚಹಾದ ಕಪ್ಪಿನಲ್ಲಿ ಮುಖ ಇಟ್ಟ. ಅತ್ತೆ ಮಾತ್ರ ನೇರವಾಗಿ ಹೇಳಿದರು: "ನಿಂಗ ಹೋಗ್ಲಿಕ್ಕ ಆಗಲಿಲ್ಲಂತ ಅವರಿಗ್ಯಾಕ ಅಡ್ಡ ಬಾಯಿ ಹಾಕ್ತಿ?"

ನೆಗೆಣ್ಣಿ ನಕ್ಕಳು. ಚಿಂಚೋಳಿ ಕಡೆಯವಳು, ಅವಳ ಮಾತಿಗೆ ತೆಲುಗಿನ ಎಳೆತವಿದೆ. "ಇರಲಿ ಬಿಡ್ರಿ ಅತ್ತಿ, ಅಕ್ಕ ನಮ್ಮ ಕಾಳಜಿಗೇ ಹೇಳ್ಲಿಕತ್ತಾಳ," ಎಂದು ರಾಗವಾಗಿ ಎಳೆದಳು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಹೇಳಿದ ಮಾತು ಖರೆಯೇ ಇತ್ತು, ಹೇಳಿದ ಬಾಯಿ ಮಾತ್ರ ಸರಿ ಇರಲಿಲ್ಲ. ಹೊಟ್ಟೆಕಿಚ್ಚಿನವರು ಹೇಳಿದ್ದು ಸುಳ್ಳೇ ಇರಬೇಕೆಂದು ಎಲ್ಲರೂ ಹೇಗೆ ನಂಬುತ್ತಾರೋ. ನನ್ನಷ್ಟು ಕಣ್ಣಿಟ್ಟು ಆ ಸಮುದ್ರವನ್ನು ಅವರಲ್ಲಿ ಯಾರು ನೋಡಿದ್ದರು?

ಹೋಗುವವರಿಗೆ ಬುತ್ತಿ ಕಟ್ಟುವುದು ಹಿರಿಸೊಸೆಯ ಕೆಲಸ. ಕೆಡದಂತೆ ಒಣಗಿಸಿದ ಕಟಕ ರೊಟ್ಟಿ ಮಾಡಿದೆ, ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದೆ. ಹಿಂಡಿಗೆ ಖಾರ ಒಂದು ಹಿಡಿ ಹೆಚ್ಚಾಯಿತು. ಕೈತಪ್ಪಿ ಬಿತ್ತೆಂದೇ ಇಟ್ಟುಕೊಳ್ಳಿ. ಅವರು ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದ ದಿನದಿಂದ ನನ್ನ ಕೆಲಸ ಒಂದೇ. ಮನೆಯವರೆಲ್ಲ ಉಂಡು ಮಲಗಿದ ಮಧ್ಯಾಹ್ನ, ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲಿರುವಾಗ, ನಾನು ಫ್ಯಾನಿನ ಕೆಳಗೆ ತಣ್ಣನೆಯ ಫರಸಿಯ ಮೇಲೆ ಒರಗಿಕೊಂಡು ಅವಳ ಬೀಚಿನ ಹವಾಮಾನ ನೋಡುತ್ತಿದ್ದೆ. ಮೊದಲ ದಿನ ಮಳೆ. ಎರಡನೆಯ ದಿನ ಮಳೆ, ಗಾಳಿ. ಅಲೆ ಎರಡು ಮೀಟರು, ಅಂದರೆ ನಮ್ಮ ಬಾಗಿಲಿನ ಚೌಕಟ್ಟಿನಷ್ಟು. ಮೂರನೆಯ ದಿನ ಅದಕ್ಕಿಂತ ಹೆಚ್ಚು. ಅಲೆಗಳ ನಡುವಿನ ಅಂತರ ದೊಡ್ಡದಾಗಿತ್ತು. ಹಾಗಿದ್ದರೆ ಆ ಅಲೆ ದೂರದಿಂದ ಭಾರ ಹೊತ್ತು ಬರುತ್ತದೆ ಎಂಬುದನ್ನು ಅಷ್ಟರಲ್ಲಿ ನಾನು ಕಲಿತಿದ್ದೆ. ನನಗೆ ಸಿಗದ ಸಮುದ್ರ ಅವಳಿಗೂ ಸಿಗಬಾರದು, ನನಗೆ ಬೇಕಾಗಿದ್ದು ಅಷ್ಟೇ.

ಗುಂಪಿನಲ್ಲಿ ಚಿತ್ರಗಳು ಬಂದವು. ವಿಮಾನದ ಕಿಟಕಿ ಬಂತು, ಹೋಟೆಲಿನ ಹಾಸಿಗೆ ಬಂತು, ಎಳನೀರು ಹಿಡಿದ ನೆಗೆಣ್ಣಿ ಬಂದಳು, ತಟ್ಟೆಯಲ್ಲಿ ಹಣ್ಣು ಬಂತು. ಎಲ್ಲರೂ ಹೂವು, ಚಪ್ಪಾಳೆ ಹಾಕಿದರು. ನಾನು ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ ನೋಡಿದೆ, ಯಾವುದರಲ್ಲಿಯೂ ಸಮುದ್ರ ಇರಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗುವ ಬೋಟುಗಳು ಬಂದ್ ಆಗಿವೆ ಎಂಬ ಸುದ್ದಿ ನೋಡಿದಾಗ ಮಾತ್ರ ಎದ್ದು ಕೂತೆ. ದೇವರ ಜಗಲಿಯ ಮುಂದೆ ನಿಂತು, ಅವರ ಕೂದಲೂ ಕೊಂಕದಿರಲಿ, ಮಳೆ ಮಾತ್ರ ನಿಲ್ಲದಿರಲಿ ಎಂದು ಬೇಡಿಕೊಂಡೆ. ಎರಡೂ ನಡೆದವು. ಸುಖವಾಗಿ ಬಂದರು.

ಬಂದ ಕೆಲವೇ ದಿನಕ್ಕೆ ಚಿತ್ತಾಪುರದಲ್ಲಿ ನಮ್ಮ ನಾದಿನಿಯ ಮಗಳ ಕುಬಸ. ಬಸುರಿ ಹೆಣ್ಣನ್ನು ಕೂಡಿಸಿ ಉಡಿ ತುಂಬಿ, ಹೆಂಗಸರೆಲ್ಲ ಊಟಕ್ಕೆ ಕೂತಾಗ ಮಾತು ಅಂಡಮಾನಿಗೆ ತಿರುಗಿತು. ನೆಗೆಣ್ಣಿ ಸುರು ಮಾಡಿದಳು. ನೀರು ಎಂಥ ನೀಲಿ, ಮೊಣಕಾಲ ಮಟ ನಿಂತರೆ ಕಾಲಬೆರಳು ಕಾಣುತ್ತಿತ್ತು, ಬೆರಳ ಸುತ್ತ ಸಣ್ಣ ಮೀನು, ಸಂಜೆ ಸೂರ್ಯ ಮುಳುಗುವಾಗ ನೀರೆಲ್ಲ ಕುಂಕುಮ. ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಹೆಂಗಸರು ಹೋಳಿಗೆ ಮುರಿಯುವುದನ್ನೂ ಮರೆತಿದ್ದರು. ಎಲ್ಲವೂ ಸುಳ್ಳು. ಅವಳು ಅಲ್ಲಿದ್ದಷ್ಟು ದಿನ ಆ ಬೀಚಿನಲ್ಲಿ ಸೂರ್ಯ ಮುಖವನ್ನೇ ತೋರಿಸಿರಲಿಲ್ಲ.

ಅಷ್ಟರಲ್ಲಿ ಅತ್ತೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ನಮ್ಮ ದೊಡ್ಡಾಕಿ ಹೋಗಬ್ಯಾಡ್ರಿ, ಮಳಿ ಹೊಡಿತದ ಅಂತ ಕುಂತಿದ್ಲು ನೋಡ್ರಿ." ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಫೋನು ತೊಡೆಯ ಮೇಲೇ ಇತ್ತು. ಒಂದು ಸಲ ತೆಗೆದು ತೋರಿಸಿದರೆ ಸಾಕಿತ್ತು. ಆಗಲೇ ಒಬ್ಬ ಮುದುಕಿ ಕೇಳಿದಳು: "ನೀರು ಉಪ್ಪಿರ್ತದಂತಲ್ಲ ತಂಗಿ, ಖರೇನಾ? ಬಾಯಾಗ ಹಾಕ್ಕೊಂಡು ನೋಡ್ದೇನು?" ನೆಗೆಣ್ಣಿಯ ಕೈ ಗಾಳಿಯಲ್ಲೇ ನಿಂತಿತು. ಅವಳ ಕಣ್ಣು ನೇರ ನನ್ನ ಹತ್ತಿರ ಬಂತು.

ನಾನು ಬಾಯಿ ಬಿಡಲಿಲ್ಲ. ಅದು ನನ್ನ ದೊಡ್ಡ ಮನಸ್ಸೆಂದು ಯಾರೂ ತಿಳಿಯಬಾರದು. ಇಂಥ ಸುಳ್ಳನ್ನು ನಾಲ್ಕು ಮಂದಿಯ ನಡುವೆ ಒಂದೇ ಸಲಕ್ಕೆ ಮುಗಿಸಿಬಿಡುವುದು ನನಗೆ ಇಷ್ಟವಿರಲಿಲ್ಲ. ನನ್ನ ಹತ್ತಿರವೇ ಇರಲಿ, ನೆನೆಸಿಕೊಂಡಾಗಲೆಲ್ಲ ರುಚಿ ನೋಡಬಹುದು ಎಂದುಕೊಂಡೆ. ಅವಳು "ಉಪ್ಪಂದ್ರ ಉಪ್ಪು ರೀ ಯಮ್ಮಾ," ಎಂದು ಹೇಗೋ ದಾಟಿದಳು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಕುಬಸ ಮುಗಿಸಿ ಅವಳು ನಮ್ಮೊಂದಿಗೆ ಶಹಾಬಾದಿಗೆ ಬಂದಳು. ಮಿರಗ ಹತ್ತಿರ ಬಂದಿತ್ತು, ಅಷ್ಟರೊಳಗೆ ಮಾಳಿಗೆಯ ಮೇಲೆ ಒಣಗಿದ ಶಾವಿಗೆ, ಸಂಡಿಗೆ ಎಲ್ಲ ಡಬ್ಬಿ ಸೇರಬೇಕು. ಬೆಳಿಗ್ಗೆ ಇಬ್ಬರೇ ಮಾಳಿಗೆ ಹತ್ತಿದೆವು. ಹಳೆಯ ಸೀರೆಯ ಎರಡು ತುದಿ ಅವಳು ಹಿಡಿದಳು, ಎರಡು ತುದಿ ನಾನು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ಕೇಳಿದೆ.

"ಮೊಣಕಾಲ ಮಟಾ ನಿಂತಿದ್ದೇನವ್ವಾ? ಬಾಗಿಲದಷ್ಟು ಅಲಿ ಇತ್ತಲ್ಲ ಅಲ್ಲಿ."

ಅವಳು ಬೆಚ್ಚಲಿಲ್ಲ. "ನೀ ನೋಡ್ತಿರ್ತಿ ಅಂತ ಗೊತ್ತಿತ್ತಕ್ಕ," ಅಂದಳು. ಸೀರೆಯ ತುದಿ ಬಿಟ್ಟು ಕಟ್ಟೆಯ ಮೇಲೆ ಕೂತಳು. "ಏನೂ ನೋಡಲಿಲ್ಲ. ದಂಡಿಗಿ ಕೆಂಪು ಝಂಡಾ ಹಚ್ಚಿದ್ರು. ಸನೇಕ ಹೋದ್ರ ಸೀಟಿ ಊದಿ ಹಿಂದಕ್ಕ ಕಳಸೋರು. ಖಿಡಕಿ ತೆರದ್ರ ಬೂದಿ ಬಣ್ಣದ ಮಳಿ, ಅದರಾಚಿಗಿ ಏನೂ ಕಾಣವಲ್ದು. ಹುಡುಗರು ಟಿವಿ ನೋಡ್ಕೋತ ಕುಂತ್ರು. ನೀ ಹೇಳಿದ್ದೇ ಖರೇ ಆತು."

ಎಷ್ಟು ದಿನದಿಂದ ಕಾದಿದ್ದ ಮಾತು. ಅವಳ ಬಾಯಿಂದಲೇ ಬಂತು. ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಮೇಲೆ ಸ್ವಲ್ಪ ಕರುಣೆಯೂ ಬಂತು. ಹೋಗಲಿ, ಇಬ್ಬರೂ ಸಮುದ್ರ ಕಾಣದವರೇ ಎಂದು ಅವಳ ಪಕ್ಕದಲ್ಲಿ ಹೋಗಿ ಕೂತೆ.

"ಆದರ ಸಪ್ಪಳ ಇತ್ತಕ್ಕ," ಅಂದಳು.

"ಎಂಥಾ ಸಪ್ಪಳ?"

"ಅದರದೇ. ಹಗಲೂ ರಾತ್ರಿ ಬಿಡ್ತಿರಲಿಲ್ಲ. ಮಂಚದ ಮ್ಯಾಲ ಮಲಗಿದ್ರ ಬೆನ್ನಿಗೆ ಗೊತ್ತಾಗ್ತಿತ್ತು."

ಫೋನಿನಲ್ಲಿ ನಾನು ಕೇಳಿದ್ದೇನೆ, ಸುಂಯ್ ಎನ್ನುತ್ತದೆ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮತ್ತ ಕಲ್ಲಿನ ಖಣಿ ಬ್ಲಾಸ್ಟಿಂಗ್ ಆದಾಗ ಅಡಗಿ ಮನ್ಯಾಗ ಭಾಂಡಿ ಅದರ್ತಾವಲ್ಲ, ಹಂಗೇನು?"

"ಅಲ್ಲಕ್ಕ. ಅದು ಒಮ್ಮಿಗೇ ಆಗಿ ಮುಗಿತದ."

"ವಾಡಿ ಸ್ಟೇಶನ್ದಾಗ ಗೂಡ್ಸ್ ಗಾಡಿ ಹಾದು ಹೋಗ್ತದಲ್ಲ, ಪ್ಲಾಟ್‌ಫಾರ್ಮ್ ನಡುಗೋ ಹಂಗ?"

"ಅದೂ ಅಲ್ಲ. ಗಾಡಿ ಹೋಗೇ ಬಿಡ್ತದ."

"ಮತ್ತ ಹ್ಯಾಂಗ? ಹೇಳು."

ಅವಳು ಕೈ ಎತ್ತಿದಳು, ಇಳಿಸಿದಳು. ಕಾಣದ ನೀಲಿ ನೀರನ್ನು, ಇಲ್ಲದ ಮೀನುಗಳನ್ನು ಅಷ್ಟು ಮಂದಿಯ ಮುಂದೆ ತಡೆಯಿಲ್ಲದೆ ಹೇಳಿದವಳು ಇವಳೇ. "ಹೇಳ್ಲಿಕ್ಕ ಬರವಲ್ದಕ್ಕ," ಅಂದಳು.

ಅವಳ ಮುಖ ವಾಡಿಯ ಕಡೆಗಿತ್ತು, ಕಣ್ಣು ಎಲ್ಲಿಯೂ ಇರಲಿಲ್ಲ. ನನಗೆ ಆಗ ತಿಳಿಯಿತು, ಅವಳು ಅದನ್ನು ಇನ್ನೂ ಕೇಳುತ್ತಿದ್ದಾಳೆ, ನನ್ನ ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ. ಅಲೆಯ ಎತ್ತರ, ಗಾಳಿಯ ದಿಕ್ಕು, ನೀರು ಏರುವ ಹೊತ್ತು ಎಲ್ಲ ನನಗೆ ಬಾಯಿಪಾಠ. ಅವಳಿಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ, ಸಮುದ್ರ ಮಾತ್ರ ಅವಳಿಗೇ ಸಿಕ್ಕಿತ್ತು. ಹೊಟ್ಟೆಯಲ್ಲಿ ಎದ್ದ ಉರಿ ಹಿಂದಿನದೆಲ್ಲವನ್ನೂ ಮೀರಿಸಿತು. ಅವಳ ಹೆಗಲು ಹಿಡಿದು ಅಲುಗಿಸಿ, ಹೇಳಲೇಬೇಕು ಎಂದು ಜಗಳ ತೆಗೆಯಬೇಕೆನಿಸಿತು. ತೆಗೆಯಲಿಲ್ಲ. ನಾನೂ ಉಸಿರು ಬಿಗಿ ಹಿಡಿದು ಅವಳು ನೋಡುತ್ತಿದ್ದ ಕಡೆಗೇ ಕಿವಿ ಕೊಟ್ಟೆ. ಕೆಳಗೆ ಅಡ್ಡಾದಲ್ಲಿ ಗಂಡ ಮಶೀನು ಸುರು ಮಾಡಿದ. ನನಗೆ ಕೇಳಿಸಿದ್ದು ಕಲ್ಲು ಕೊಯ್ಯುವ ಸದ್ದು, ಅಷ್ಟೇ.